ಕೆರೆಯಂಗಳದ ಬೆಳೆ

ಬಯಲುಸೀಮೆಯ ಕೆರೆಗಳಲ್ಲಿ ಬೇಸಿಗೆಗೆ ನೀರು ಹಿಂದೆ ಸರಿದರೆ ಅಂಗಳದ ಹೂಳುಮಣ್ಣು ಮೇಲೆ ಕಾಣುತ್ತದೆ. ಅಷ್ಟು ಫಲವತ್ತಾದ ನೆಲ ಊರಲ್ಲಿ ಬೇರೆಲ್ಲೂ ಸಿಗುವುದು ಕಷ್ಟ. ಅಲ್ಲಿ ಬಿತ್ತಿದವರು ಒಳ್ಳೆಯ ಬೆಳೆಯನ್ನೇ ತೆಗೆಯುತ್ತಾರೆ. ಆದರೆ ತಿಳಿದ ರೈತರು ಅಲ್ಲಿ ಮನೆ ಕಟ್ಟುವುದಿಲ್ಲ, ಬಣವೆ ಒಟ್ಟುವುದಿಲ್ಲ. ಕೊಯ್ದದ್ದನ್ನು ಕೊಯ್ದ ಹಾಗೆಯೇ ದಡ ದಾಟಿಸುತ್ತಾರೆ. ನೀರು ಯಾವ ದಿನ ಬರುತ್ತದೆಂದು ಅವರಿಗೂ ಗೊತ್ತಿಲ್ಲ, ಬರುತ್ತದೆಂಬುದು ಮಾತ್ರ ಗೊತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಉದ್ಯಮದ ಇಪ್ಪತ್ತು ವರ್ಷಗಳ ಏಳುಬೀಳನ್ನು ಲೆಕ್ಕಪತ್ರಗಳ ಕಡೆಯಿಂದ ನೋಡುವ ನನಗೆ ಈ ಬೇಸಾಯವೇ ಮತ್ತೆ ಮತ್ತೆ ನೆನಪಾಗುತ್ತದೆ. ಈ ಉದ್ಯಮಿಗಳ ಬಗ್ಗೆ ಬರೆಯುವವರು ಅವರ ಛಲವನ್ನು, ಬಿದ್ದರೂ ಏಳುವ ಗಟ್ಟಿತನವನ್ನು ಹೊಗಳುತ್ತಾರೆ. ಛಲ ಇದ್ದದ್ದು ನಿಜ. ಮುಳುಗಿದವರಲ್ಲೂ ಅದು ಅಷ್ಟೇ ಇತ್ತು. ಹಾಗಾದರೆ ಉಳಿದವರನ್ನು ಉಳಿಸಿದ್ದು ಏನು? ಕೈಗೆ ಬಂದ ಹಣವನ್ನು ಅವರು ಎಲ್ಲಿ, ಯಾರ ಹೆಸರಿನಲ್ಲಿ ಇಟ್ಟಿದ್ದರು ಎಂಬುದು ಎಂದು ನಾನು ನಂಬುತ್ತೇನೆ. ಸಂಬಳದ ಮೇಲೆ ಬದುಕುವ ನಮ್ಮ ನಿಮ್ಮಂಥವರಿಗೂ ಈ ಪಾಠ ಬೇಕಾಗಿರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲ ದೊಡ್ಡ ಪ್ರವಾಹ ಬಂದದ್ದು 2006ರಲ್ಲಿ, ಅಮೆರಿಕದಲ್ಲಿ. ಪಾರ್ಟಿಗೇಮಿಂಗ್ ಎಂಬ ಆನ್‌ಲೈನ್ ಪೋಕರ್ ಕಂಪನಿ ಅದಕ್ಕೆ ಒಂದು ವರ್ಷ ಮೊದಲು, 2005ರ ಜೂನ್‌ನಲ್ಲಿ, ಲಂಡನ್ ಷೇರುಪೇಟೆಗೆ ಬಂದಿತ್ತು. ಅದರ ತಂತ್ರಾಂಶವನ್ನು ಕಟ್ಟಿದವರು ದೆಹಲಿ ಐಐಟಿಯಲ್ಲಿ ಓದಿದ ಅನುರಾಗ್ ದೀಕ್ಷಿತ್. ಕಂಪನಿಯ ಆದಾಯದ ಬಹುಪಾಲು ಅಮೆರಿಕದ ಆಟಗಾರರಿಂದ ಬರುತ್ತಿತ್ತು. ಅಮೆರಿಕದ ಸರ್ಕಾರ ಇದನ್ನು ಕಾನೂನುಬಾಹಿರ ಎಂದೇ ನೋಡುತ್ತದೆ ಎಂಬ ಎಚ್ಚರಿಕೆಯನ್ನು ಕಂಪನಿ ತನ್ನ ಷೇರು ವಿತರಣೆಯ ದಾಖಲೆಯಲ್ಲಿ ತಾನೇ ಬರೆದುಕೊಂಡಿತ್ತು. ಹೂಡಿಕೆದಾರರು ಅದನ್ನು ಓದಿಯೂ ಕೊಂಡರು. 2006ರ ಸೆಪ್ಟೆಂಬರ್ ಕೊನೆಯಲ್ಲಿ ಬಂದರುಗಳ ಭದ್ರತೆಯ ಮಸೂದೆಯೊಂದಕ್ಕೆ ಜೋಡಿಸಿ ಅಲ್ಲಿನ ಸಂಸತ್ತು ಆನ್‌ಲೈನ್ ಜೂಜಿನ ಹಣಪಾವತಿಗೆ ತಡೆ ಹಾಕಿತು. ಅಕ್ಟೋಬರ್ 2ರ ಸೋಮವಾರ ಪೇಟೆ ತೆರೆದಾಗ ಪಾರ್ಟಿಗೇಮಿಂಗ್ ಷೇರು ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. ಕಾನೂನಿಗೆ ಸಹಿ ಬೀಳುತ್ತಿದ್ದಂತೆ ಕಂಪನಿ ಅಮೆರಿಕದಿಂದ ಹೊರನಡೆಯಿತು. ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. 2008ರ ಡಿಸೆಂಬರ್‌ನಲ್ಲಿ ದೀಕ್ಷಿತ್ ನ್ಯೂಯಾರ್ಕ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿದರು. ಕಂಪನಿ 2009ರಲ್ಲಿ 10.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಆದರೂ ಅದು ಸಾಯಲಿಲ್ಲ. ಕಾನೂನು ಸ್ಪಷ್ಟವಾಗಿದ್ದ ಯುರೋಪಿನ ಕಡೆ ತಿರುಗಿ 2011ರಲ್ಲಿ ಬ್ವಿನ್ ಎಂಬ ಕಂಪನಿಯ ಜತೆ ಸೇರಿತು. ಇಂದಿನ ಎಂಟೇನ್ ಸಮೂಹದೊಳಗೆ ಅದರ ಬೇರು ಇದೆ. ಸಾಲದ ಮೇಲೆ ನಿಂತಿದ್ದ ಕಂಪನಿಗೆ ಅಷ್ಟು ವರ್ಷ ಕಾದು, ಅಷ್ಟು ದಂಡ ತೆತ್ತು ಬೇರೆ ದಡ ಸೇರುವುದು ಸಾಧ್ಯವಾಗುತ್ತಿರಲಿಲ್ಲ.

ಎರಡನೆಯ ಪ್ರಸಂಗ ಇನ್ನೂ ಸ್ಪಷ್ಟ. ಪಾರ್ಟಿಗೇಮಿಂಗ್ ಬಿಟ್ಟುಹೋದ ಅಮೆರಿಕದಲ್ಲಿ ಪೋಕರ್‌ಸ್ಟಾರ್ಸ್ ಮತ್ತು ಫುಲ್ ಟಿಲ್ಟ್ ಎಂಬ ಎರಡು ಕಂಪನಿಗಳು ಉಳಿದು ಬೆಳೆದವು. 2011ರ ಏಪ್ರಿಲ್ 15ರಂದು ಒಂದೇ ಆರೋಪಪಟ್ಟಿಯಡಿ ಎರಡರ ವೆಬ್‌ಸೈಟುಗಳನ್ನೂ ಸರ್ಕಾರ ವಶಪಡಿಸಿಕೊಂಡಿತು. ಅದೇ ದಿನ, ಅದೇ ಕಾನೂನು, ಅದೇ ಆಟ. ಆದರೆ ಪೋಕರ್‌ಸ್ಟಾರ್ಸ್ ಆಟಗಾರರ ಹಣವನ್ನು ತನ್ನ ಖರ್ಚಿನ ಹಣದೊಂದಿಗೆ ಬೆರೆಸದೆ ಬೇರೆ ಖಾತೆಯಲ್ಲಿ ಇಟ್ಟಿತ್ತು, ಹಾಗಾಗಿ ಕೆಲವೇ ವಾರಗಳಲ್ಲಿ ಅಮೆರಿಕದ ಆಟಗಾರರಿಗೆ ಹಣ ಮರಳಿಸತೊಡಗಿತು. ಫುಲ್ ಟಿಲ್ಟ್ ಕೈಯಲ್ಲಿ ಹಣವೇ ಇರಲಿಲ್ಲ. ಸರ್ಕಾರ ನ್ಯಾಯಾಲಯಕ್ಕೆ ಕೊಟ್ಟ ಲೆಕ್ಕದ ಪ್ರಕಾರ ಅದು ಜಗತ್ತಿನ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಹಿಂದಿನ ನಾಲ್ಕು ವರ್ಷಗಳಲ್ಲಿ ಮಾಲೀಕರಿಗೆ ಹಂಚಿದ್ದು 44 ಕೋಟಿಗೂ ಮಿಕ್ಕಿ. ಪರದೆಯ ಮೇಲೆ ಆಟಗಾರನಿಗೆ ಕಾಣುತ್ತಿದ್ದ ಬಾಕಿ ಬರೀ ಅಂಕಿಯಾಗಿತ್ತು. ಮರುವರ್ಷ ಪೋಕರ್‌ಸ್ಟಾರ್ಸ್ ಸರ್ಕಾರದೊಂದಿಗೆ ಒಟ್ಟು 73.1 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು, ಎದುರಾಳಿಯಾಗಿದ್ದ ಫುಲ್ ಟಿಲ್ಟನ್ನೇ ಪಡೆದುಕೊಂಡು, ಅದರ ಆಟಗಾರರ ಸಾಲವನ್ನೂ ತೀರಿಸುವ ಹೊಣೆ ಹೊತ್ತಿತು. 2014ರಲ್ಲಿ ಅದರ ಮಾಲೀಕ ಸಂಸ್ಥೆ 490 ಕೋಟಿ ಡಾಲರಿಗೆ ಮಾರಾಟವಾಯಿತು. ಸ್ಥಾಪಕ ಐಸಾಯ್ ಶೈನ್‌ಬರ್ಗ್ ಮೇಲಿನ ಮೊಕದ್ದಮೆ ಮಾತ್ರ 2020ರವರೆಗೆ ಎಳೆಯಿತು, ಕೊನೆಗೆ ಅವರೂ ತಪ್ಪೊಪ್ಪಿಕೊಳ್ಳಬೇಕಾಯಿತು. ಅವರನ್ನು ಆದರ್ಶ ಪುರುಷನೆಂದು ನಿಲ್ಲಿಸಲು ನಾನು ಹೊರಟಿಲ್ಲ. ಪರರ ಹಣವನ್ನು ಪರರದೆಂದೇ ಎತ್ತಿಡುವ ಒಂದು ಸಾದಾ ಶಿಸ್ತು ಒಂದು ಕಂಪನಿಯನ್ನು ಉಳಿಸಿತು, ಆ ಶಿಸ್ತಿಲ್ಲದ ಇನ್ನೊಂದನ್ನು ಅಳಿಸಿತು. ಅದಷ್ಟನ್ನು ತೋರಿಸುವುದು ನನ್ನ ಉದ್ದೇಶ.

ಇನ್ನು ನಮ್ಮ ಮನೆಯ ಕಡೆ ಬರೋಣ. ನಮ್ಮಲ್ಲಿ ಈ ಉದ್ಯಮ ನಿಂತದ್ದು ಕೌಶಲದ ಆಟ ಮತ್ತು ಅದೃಷ್ಟದ ಆಟ ಎಂಬ ವ್ಯತ್ಯಾಸದ ಮೇಲೆ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಫ್ಯಾಂಟಸಿ ಕ್ರಿಕೆಟ್‌ಗೆ 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ತೀರ್ಪು ಆಸರೆಯಾಯಿತು. ಹಾಗಿದ್ದರೂ ನೆಲ ಅಲುಗಾಡುತ್ತಲೇ ಇತ್ತು. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಇಂಥ ಆಟಗಳನ್ನು ನಿಷೇಧಿಸಿದವು. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನೇ ಮಾಡಿತು. ಬೆಂಗಳೂರಿನಲ್ಲಿ ಡ್ರೀಮ್11 ಎಂಬ ಫ್ಯಾಂಟಸಿ ಕ್ರಿಕೆಟ್ ಕಂಪನಿಯ ಸ್ಥಾಪಕರ ಮೇಲೆ ಎಫ್ಐಆರ್ ದಾಖಲಾಯಿತು, ಕಂಪನಿ ರಾಜ್ಯದಲ್ಲಿ ಆಟ ನಿಲ್ಲಿಸಿತು. ನಾಲ್ಕು ತಿಂಗಳ ನಂತರ, 2022ರ ಫೆಬ್ರುವರಿ 14ರಂದು, ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಉದ್ಯಮ ಅದನ್ನು ಗೆಲುವೆಂದು ಕೊಂಡಾಡಿತು. ನನ್ನ ಪ್ರಕಾರ ಅದು ಮುಂದಿನದರ ತಾಲೀಮು: ಒಂದು ಸಹಿಯಿಂದ ಒಂದು ರಾಜ್ಯದ ಆದಾಯ ಪೂರ್ತಿ ನಿಲ್ಲಬಹುದು ಎಂಬುದನ್ನು ಆ ನಾಲ್ಕು ತಿಂಗಳು ತೋರಿಸಿಕೊಟ್ಟಿದ್ದವು.

ಎರಡನೆಯ ಪೆಟ್ಟು ತೆರಿಗೆಯದು. ಆಟಗಾರ 100 ರೂಪಾಯಿ ಕಟ್ಟಿದಾಗ ಕಂಪನಿ ತನ್ನ ಪಾಲಾಗಿ 10 ರೂಪಾಯಿ ಹಿಡಿಯುತ್ತದೆ ಎಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಆ 10 ರೂಪಾಯಿಗೆ ಶೇ 18ರಂತೆ 1 ರೂಪಾಯಿ 80 ಪೈಸೆ ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಬಿತ್ತು. ಗೆದ್ದ ಹಣದಲ್ಲೇ ಮತ್ತೆ ಆಡಿದರೆ ತೆರಿಗೆಯಿಲ್ಲ ಎಂಬ ಸಡಿಲಿಕೆ ಇದ್ದರೂ ಹೊರೆ ಭಾರಿಯಾಯಿತು. ಆಟಗಾರನ ಮೇಲೆ ಹೊರಿಸಿದರೆ ಆಟಗಾರ ಹೋಗುತ್ತಾನೆ, ತಾನೇ ಹೊತ್ತರೆ ಲಾಭ ಹೋಗುತ್ತದೆ. ಬೆಂಗಳೂರಿನ ಎಂಪಿಎಲ್ ಎಂಬ ಕಂಪನಿ ಈ ತೆರಿಗೆಯ ನಿರ್ಧಾರ ಹೊರಬಿದ್ದ ಕೆಲವೇ ವಾರಗಳಲ್ಲಿ ಸುಮಾರು 350 ಜನರನ್ನು ಕೆಲಸದಿಂದ ತೆಗೆಯಿತು. ಹಿಂದಿನ ವರ್ಷಗಳಿಗೂ ಇದೇ ಲೆಕ್ಕ ಅನ್ವಯವೆಂದು ಹೊರಟ ನೋಟಿಸುಗಳ ಒಟ್ಟು ಮೊತ್ತ 1.12 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರ ಅದೇ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ತಿಳಿಸಿತು. ಬೆಂಗಳೂರಿನದೇ ಗೇಮ್ಸ್‌ಕ್ರಾಫ್ಟ್‌ಗೆ ಬಂದಿದ್ದ ಸುಮಾರು 21,000 ಕೋಟಿಯ ನೋಟಿಸನ್ನು ಹೈಕೋರ್ಟ್ 2023ರ ಮೇ ತಿಂಗಳಲ್ಲಿ ರದ್ದು ಮಾಡಿತ್ತು, ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೇ ತಡೆ ನೀಡಿತು. ವರ್ಷಗಟ್ಟಲೆ ಲಾಭವೆಂದು ಬರೆದುಕೊಂಡ ಹಣದಲ್ಲಿ ಎಷ್ಟು ತನ್ನದು ಎಂದು ಹೇಳಲಾಗದ ಸ್ಥಿತಿ ಅದು. ಕೊನೆಗೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ: ಮೂರು ದಿನಗಳಲ್ಲಿ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳೂ, ಕೌಶಲವಿರಲಿ ಅದೃಷ್ಟವಿರಲಿ, ದೇಶದಾದ್ಯಂತ ನಿಷೇಧಕ್ಕೆ ಒಳಪಟ್ಟವು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ತೀರ್ಪುಗಳು ತಮ್ಮ ಪರ ಇದ್ದಾಗ, ತೆರಿಗೆಯನ್ನು ಸರ್ಕಾರವೇ ವಸೂಲು ಮಾಡುತ್ತಿದ್ದಾಗ, ಮೂರೇ ದಿನಗಳಲ್ಲಿ ಬಾಗಿಲು ಮುಚ್ಚುತ್ತದೆಂದು ಉದ್ಯಮಿ ಹೇಗೆ ಊಹಿಸಬೇಕಿತ್ತು? ಈ ಮಾತಿನಲ್ಲಿ ನ್ಯಾಯವಿದೆ. ತೆರಿಗೆ ಪಡೆದ ಸರ್ಕಾರ ಹೊರಹೋಗಲು ಸಮಯವನ್ನೂ ಕೊಡಬೇಕಿತ್ತು ಎಂದು ನನಗೂ ಅನಿಸುತ್ತದೆ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಮೂರು ಹೈಕೋರ್ಟುಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿದ್ದರಲ್ಲಿ ಆ ದೂರಿಗೆ ವೇದಿಕೆ ಸಿಕ್ಕಿದೆ. ಆದರೆ ದಿನಾಂಕ ಗೊತ್ತಿಲ್ಲದಿರುವುದು ಬೇರೆ, ಅಪಾಯ ಗೊತ್ತಿಲ್ಲದಿರುವುದು ಬೇರೆ. ಡ್ರೀಮ್11ರ ಮಾತೃಸಂಸ್ಥೆಯಾದ ಡ್ರೀಮ್ ಸ್ಪೋರ್ಟ್ಸ್ ಸಮೂಹದ ಆದಾಯದಲ್ಲಿ ಶೇ 95ರಷ್ಟು ಒಂದೇ ರಾತ್ರಿಯಲ್ಲಿ ಹೋಯಿತೆಂದು ಅದರ ಸ್ಥಾಪಕರಲ್ಲಿ ಒಬ್ಬರಾದ ಹರ್ಷ್ ಜೈನ್ ಹೇಳಿದರು. ಆದರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಸರ್ಕಾರದ ವಿರುದ್ಧ ಕೋರ್ಟಿಗೂ ಹೋಗುವುದಿಲ್ಲ ಎಂದು ಆ ದಿನಗಳಲ್ಲಿ ಹೇಳಲು ಅವರಿಂದ ಸಾಧ್ಯವಾದದ್ದು ಕೈಯಲ್ಲಿ ಉಳಿಸಿಕೊಂಡ ಹಣವಿದ್ದುದರಿಂದ. ಎಂಪಿಎಲ್ ಭಾರತದ ಸಿಬ್ಬಂದಿಯಲ್ಲಿ ಸುಮಾರು ಶೇ 60ರಷ್ಟು ಜನರನ್ನು ಬಿಡುತ್ತಿದೆ ಎಂಬ ಸುದ್ದಿ ಅದೇ ಹೊತ್ತಿಗೆ ಬಂತು. ಒಂದು ಕಂಪನಿಯ ಮನಸ್ಸು ದೊಡ್ಡದು, ಇನ್ನೊಂದರದು ಸಣ್ಣದು ಎಂದು ಇದನ್ನು ಓದುವುದು ತಪ್ಪು. ಉಗ್ರಾಣದಲ್ಲಿ ಎಷ್ಟು ತಿಂಗಳ ಕಾಳಿದೆ ಎಂಬುದು ಎಷ್ಟು ಜನರಿಗೆ ಊಟ ಹಾಕಬಹುದೆಂಬುದನ್ನು ನಿರ್ಧರಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಬದಿಗೆ ಸರಿಸಲು ನಾನು ಸಿದ್ಧನಿಲ್ಲ. ಸೋತವರ ಹಣದಿಂದ ಬೆಳೆದವರ ಗಟ್ಟಿತನದ ಬಗ್ಗೆ ಮಾತಾಡುವುದೇ ಸರಿಯೇ? ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು ಮಸೂದೆಯ ಹೊತ್ತಿನಲ್ಲಿ ಸರ್ಕಾರ ಮುಂದಿಟ್ಟ ಅಂದಾಜು. ಅಂಕಿ ಹೆಚ್ಚುಕಡಿಮೆ ಇರಬಹುದು. ವ್ಯಾಪಾರದ ಸ್ವರೂಪದಲ್ಲಿ ಅನುಮಾನವಿಲ್ಲ. ಪ್ರತಿ ಪಂದ್ಯದಿಂದಲೂ ಕಂಪನಿ ತನ್ನ ಪಾಲನ್ನು ತೆಗೆಯುವುದರಿಂದ ಆಟಗಾರರೆಲ್ಲರೂ ಸೇರಿ ಹಾಕಿದ್ದಕ್ಕಿಂತ ಪಡೆಯುವುದು ಯಾವಾಗಲೂ ಕಡಿಮೆ. ಗೆದ್ದವನ ನಿವ್ವಳ ಗೆಲುವಿನಲ್ಲಿ ಶೇ 30 ತೆರಿಗೆ ಬೇರೆ. ಹೆಚ್ಚು ಆಡುವವನು ಹೆಚ್ಚು ಕಳೆದುಕೊಳ್ಳುತ್ತಾನೆ. ಬಿಡಲಾಗದವನು ಸಾಲ ಮಾಡಿ ಆಡುತ್ತಾನೆ. ಆ ಮನೆಯ ಹೆಂಡತಿ, ತಾಯಿ ಠಾಣೆಗೆ, ಶಾಸಕರ ಮನೆಗೆ ಹೋಗಿ ಅತ್ತದ್ದೇ ಒಂದೊಂದಾಗಿ ಶಾಸನಸಭೆಗಳನ್ನು ಮುಟ್ಟಿತು. ಅಂದರೆ ಕಾನೂನಿನ ಅಪಾಯ ಹೊರಗಿನಿಂದ ಬಂದ ಅನಾಹುತವಲ್ಲ. ಕೆರೆಗೆ ನೀರು ಬರುವುದು ಅದರದೇ ಜಲಾನಯನದಿಂದ. ಈ ಉದ್ಯಮದ ಮೇಲೆ ಬಂದ ನೀರೂ ಅದರದೇ ಆದಾಯದ ಮೂಲದಿಂದ ಹರಿದುಬಂತು. ದಿನಕ್ಕಿಷ್ಟೇ ಹಣ, ತಿಂಗಳಿಗಿಷ್ಟೇ ಎಂದು ಕಟ್ಟುನಿಟ್ಟಾದ ಮಿತಿ ಹಾಕಿ, ಸೋಲುತ್ತಿರುವವನನ್ನು ತಾವೇ ತಡೆದು ಕಳಿಸಿದ್ದರೆ ಲಾಭ ಕಡಿಮೆಯಾಗುತ್ತಿತ್ತು, ಆದರೆ ಅದು ವಿಮೆಯ ಕಂತಿನಂಥ ಖರ್ಚು. ಬದಲಿಗೆ ದೊಡ್ಡ ಮೊತ್ತ ಹೋದದ್ದು ಜಾಹೀರಾತಿಗೆ: ಡ್ರೀಮ್11 ಕೊಟ್ಟದ್ದು 2020ರ ಐಪಿಎಲ್ ಶೀರ್ಷಿಕೆ ಪ್ರಾಯೋಜಕತ್ವಕ್ಕೆ 222 ಕೋಟಿ, 2023ರಲ್ಲಿ ಭಾರತ ತಂಡದ ಅಂಗಿಯ ಮೇಲಿನ ಹೆಸರಿಗೆ ಮೂರು ವರ್ಷಕ್ಕೆ 358 ಕೋಟಿ. ಉದ್ಯಮವನ್ನು ಮನೆಮನೆಗೆ ಪರಿಚಯಿಸಿದ ಆ ಹೆಸರೇ ಸರ್ಕಾರದ ಕಣ್ಣಿಗೂ ಅದನ್ನು ದೊಡ್ಡದಾಗಿ ತೋರಿಸಿತು ಎಂಬುದು ನನ್ನ ಅನಿಸಿಕೆ.

ಈ ಹೊಳಪನ್ನು ನೋಡಿ ಕೆಲಸಕ್ಕೆ ಸೇರಿದ ಸಾವಿರಾರು ಯುವಕ ಯುವತಿಯರ ಬಗ್ಗೆ ನನಗೆ ನಿಜವಾದ ಕಳವಳವಿದೆ. ಅವರ ಸಂಬಳದ ಒಂದು ಭಾಗ ಇಸಾಪ್, ಅಂದರೆ ಕಂಪನಿಯ ಷೇರಿನ ಭರವಸೆ. ಫ್ಯಾನ್‌ಡ್ಯೂಯೆಲ್‌ನ ಕತೆಯನ್ನು ಅವರು ತಿಳಿಯಬೇಕು. 2009ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಈ ಫ್ಯಾಂಟಸಿ ಕ್ರೀಡೆಯ ಕಂಪನಿಯ ಬೆಲೆ 2015ರಲ್ಲಿ 100 ಕೋಟಿ ಡಾಲರ್ ದಾಟಿತ್ತು. ಆ ವರ್ಷವೇ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಅದನ್ನು ಜೂಜೆಂದು ಕರೆದರು. ವಕೀಲರ ಖರ್ಚು, ಜಾಹೀರಾತಿನ ಖರ್ಚು ಸೇರಿ ಕಂಪನಿ ಬಸವಳಿಯಿತು. 2018ರಲ್ಲಿ ಪ್ಯಾಡಿ ಪವರ್ ಬೆಟ್‌ಫೇರ್ ಜತೆಗಿನ ವಿಲೀನದಲ್ಲಿ ಅದಕ್ಕೆ ಕಟ್ಟಿದ ಬೆಲೆ 46.5 ಕೋಟಿ ಡಾಲರ್. ಆದ್ಯತಾ ಷೇರು ಹೊಂದಿದ್ದ ಹೂಡಿಕೆದಾರರಿಗೆ ಮೊದಲ 55.9 ಕೋಟಿ ಡಾಲರಿನ ಮೇಲೆ ಹಕ್ಕಿತ್ತು. ಹಾಗಾಗಿ ಸಾಮಾನ್ಯ ಷೇರು ಹಿಡಿದಿದ್ದ ಸ್ಥಾಪಕರಿಗೆ, ನೌಕರರಿಗೆ ಉಳಿದದ್ದು ಸೊನ್ನೆ. ವಿಲೀನ ಘೋಷಣೆಯಾದ ತಿಂಗಳಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿನ ಒಕ್ಕೂಟದ ತಡೆಯನ್ನು ತೆಗೆದುಹಾಕಿತ್ತು. 2020ರ ಕೊನೆಗೆ ಅದೇ ಕಂಪನಿಯ ಬೆಲೆ ಸುಮಾರು 1,120 ಕೋಟಿ ಡಾಲರ್. ಸ್ಥಾಪಕರು ನ್ಯಾಯಾಲಯದ ಮೆಟ್ಟಿಲೇರಿದರು. ನೌಕರಿಯ ಪತ್ರ ಕೈಗೆ ಬಂದಾಗ ಷೇರುಗಳ ಸಂಖ್ಯೆ ನೋಡಿ ಹಿಗ್ಗುವ ಮೊದಲು, ತನ್ನ ಮುಂದೆ ಸಾಲಿನಲ್ಲಿ ಯಾರು ನಿಂತಿದ್ದಾರೆ, ಅವರಿಗೆ ಎಷ್ಟು ಕೊಟ್ಟ ಮೇಲೆ ತನ್ನ ಸರದಿ ಎಂದು ಕೇಳಲೇಬೇಕು. ಒಂದೇ ಕಾನೂನಿನ ದಯೆಯಲ್ಲಿ ನಡೆಯುವ ಉದ್ಯಮದ ಸಂಬಳದ ಮೇಲೆ ಇಪ್ಪತ್ತು ವರ್ಷದ ಗೃಹಸಾಲದ ಕಂತು ಕಟ್ಟಿಕೊಳ್ಳುವುದು ಕೆರೆಯಂಗಳದಲ್ಲಿ ಪಾಯ ತೋಡಿದಂತೆ. ಸಂಬಳ ಬೇರೆಡೆಗಿಂತ ಹೆಚ್ಚಿದ್ದರೆ ಆ ಹೆಚ್ಚಿನದನ್ನು ಕೂಲಿಯೆಂದು ಭಾವಿಸದೆ, ಕೆಲಸವಿಲ್ಲದ ತಿಂಗಳುಗಳಿಗೆ ಮುಂಗಡವಾಗಿ ಬಂದ ಹಣವೆಂದು ಎತ್ತಿಡುವುದು ಲೇಸು. ಇಂಥ ಕಂಪನಿಗಳಿಗೆ ವಿಡಿಯೊ, ವಿನ್ಯಾಸ, ಅನುವಾದ ಮಾಡಿಕೊಟ್ಟು ಮೂರು ತಿಂಗಳ ನಂತರ ಹಣ ಪಡೆಯುವ ಸಣ್ಣ ಸಂಸ್ಥೆಗಳಿಗೂ ಇದೇ ಮಾತು.

ಹೀಗೆ ಯೋಚಿಸಿದರೆ ಯಾರೂ ಹೊಸ ಉದ್ಯಮಕ್ಕೆ ಕೈಹಾಕಲಾರರು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಕೆರೆಯಂಗಳದಲ್ಲಿ ಬಿತ್ತುವುದನ್ನು ಯಾರೂ ಬಿಟ್ಟಿಲ್ಲ, ಕೊಯ್ದದ್ದನ್ನು ದಡ ದಾಟಿಸುತ್ತಾರೆ ಅಷ್ಟೆ. ಕಾಯ್ದೆ ಬಂದ ವಾರ ಡ್ರೀಮ್11 ಹಣದ ಪಂದ್ಯಗಳನ್ನು ನಿಲ್ಲಿಸಿ, ಖಾತೆಯಲ್ಲಿರುವ ಬಾಕಿ ಸುರಕ್ಷಿತವಾಗಿದೆ, ತೆಗೆದುಕೊಳ್ಳಬಹುದು ಎಂದು ಆಟಗಾರರಿಗೆ ತಿಳಿಸಿತು. ಫುಲ್ ಟಿಲ್ಟ್‌ನಲ್ಲಿ ಹಣ ಇಟ್ಟಿದ್ದ ಅಮೆರಿಕದ ಆಟಗಾರರಿಗೆ ಅಂಥ ಮಾತನ್ನು ನಡೆಸಿಕೊಡುವವರು ಇರಲಿಲ್ಲ. ಅವರಲ್ಲಿ ಸುಮಾರು 27,500 ಜನರಿಗೆ ಮೊದಲ ಕಂತಿನ ಹಣ ಕೈಸೇರಿದ್ದು 2014ರ ಫೆಬ್ರುವರಿ 28ರಂದು. ಸೈಟು ಮುಚ್ಚಿ ಅಷ್ಟರಲ್ಲಿ ಮೂರು ವರ್ಷ ತುಂಬುತ್ತ ಬಂದಿತ್ತು.