ಚೂರಿನ ಜೊತೆ ಚಿತ್ರವೂ ಬೇಕು

ಮುಖದ ಎಲುಬಿನಲ್ಲೂ ಸೈನಸ್ ಗೋಡೆಗಳಲ್ಲೂ ಬೆಳೆಯುವ ಕ್ಯಾನ್ಸರಲ್ಲದ ಗಡ್ಡೆಗಳ ವಿಷಯದಲ್ಲಿ ನಾನು ತಡವಾಗಿ ಕಲಿತ ಪಾಠ ಇದು: ಸ್ಲೈಡ್ ಎಷ್ಟೇ ಚೆನ್ನಾಗಿ ಕಂಡರೂ ಸಿ.ಟಿ. ನೋಡದೆ ರೋಗಕ್ಕೆ ಹೆಸರಿಡಬಾರದು. ಬಯಾಪ್ಸಿಯೇ ಕೊನೆಯ ಮಾತು ಎಂದು ಪೆಥಾಲಜಿ ಓದಿದ ನಾವೆಲ್ಲ ನಂಬಿರುತ್ತೇವೆ. ಬಹಳಷ್ಟು ಕ್ಯಾನ್ಸರ್‌ಗಳಿಗೆ ಅದು ಸರಿ. ಆದರೆ ಫೈಬ್ರಸ್ ಡಿಸ್‌ಪ್ಲೇಸಿಯಾ, ಆಸಿಫೈಯಿಂಗ್ ಫೈಬ್ರೋಮಾ ಎರಡರಲ್ಲೂ ಕಾಣುವುದು ನಾರು, ನಾರಿನ ನಡುವೆ ಎಳೆಯ ಎಲುಬಿನ ತುಣುಕುಗಳು. ಗುಟ್ಟು ಇರುವುದು ಅಂಚಿನಲ್ಲಿ. ಮೊದಲನೆಯದು ಸುತ್ತಲಿನ ಎಲುಬಿನಲ್ಲಿ ಗಡಿಯೇ ಇಲ್ಲದೆ ಬೆರೆತುಹೋಗುತ್ತದೆ, ಸಿ.ಟಿ.ಯಲ್ಲಿ ಬಚ್ಚಲಮನೆ ಕಿಟಕಿಯ ಮಬ್ಬುಗಾಜಿನಂತೆ ಕಾಣುವುದುಂಟು. ಎರಡನೆಯದಕ್ಕೆ ಸ್ಪಷ್ಟ ಎಲ್ಲೆಯಿದೆ. ಗಡ್ಡೆಯ ನಡುವಿನಿಂದ ಕಿತ್ತ ಕಡಲೆಕಾಳಿನಷ್ಟು ಚೂರಿನಲ್ಲಿ ಅಂಚು ಎಲ್ಲಿಂದ ಬರಬೇಕು? ಇದು ಬರೀ ಹೆಸರಿನ ಜಗಳವೂ ಅಲ್ಲ. ಡಿಸ್‌ಪ್ಲೇಸಿಯಾ ಸಾಮಾನ್ಯವಾಗಿ ಮೈ ಬೆಳವಣಿಗೆ ಮುಗಿದ ಮೇಲೆ ನಿಧಾನಿಸುತ್ತದೆ, ಎಷ್ಟೋ ಸಲ ಕಾದು ನೋಡಿದರೆ ಸಾಕು. ಫೈಬ್ರೋಮಾ ಬೆಳೆಯುತ್ತಲೇ ಹೋಗುತ್ತದೆ, ಪೂರ್ತಿ ತೆಗೆಯಬೇಕು. ದವಡೆಯ ಜೈಂಟ್ ಸೆಲ್ ಗಡ್ಡೆಯಲ್ಲಂತೂ ಸ್ಲೈಡ್ ಪೂರ್ತಿ ಕೈಕೊಡುತ್ತದೆ. ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಬರುವ ಬ್ರೌನ್ ಟ್ಯೂಮರ್ ಕೂಡ ಹಾಗೆಯೇ ಕಾಣುತ್ತದೆ. ಬೇರ್ಪಡಿಸುವುದು ರಕ್ತದ ಕ್ಯಾಲ್ಸಿಯಂ ಮತ್ತು ಆ ಹಾರ್ಮೋನಿನ ಮಟ್ಟ. ಅದನ್ನು ನೋಡದೆ ದವಡೆಗೆ ಕತ್ತಿ ಹಾಕಿದರೆ ಮೂಲ ರೋಗ ಕತ್ತಿನಲ್ಲೇ ಉಳಿಯುತ್ತದೆ.

ಹಾಗಾದರೆ ಚಿತ್ರವೇ ಸಾಕಲ್ಲ, ಚುಚ್ಚುವುದೇಕೆ ಎಂದು ರೇಡಿಯಾಲಜಿಯವರು ಕೇಳಬಹುದು. ಕೆಲವೊಮ್ಮೆ ಅವರ ಮಾತೇ ನಿಜ: ಹಣೆಯ ಸೈನಸ್‌ನಲ್ಲಿ ಬೇರೇನೋ ಹುಡುಕುವಾಗ ಸಿಕ್ಕಿದ, ತೊಂದರೆ ಕೊಡದ ಪುಟ್ಟ ಆಸ್ಟಿಯೋಮಾಕ್ಕೆ ಬಯಾಪ್ಸಿ ಬೇಡ. (ಎಳೆ ವಯಸ್ಸಿನವರ ದವಡೆಯಲ್ಲಿ ಅಂಥವು ಹಲವು ಕಂಡರೆ ಮಾತ್ರ ಗಾರ್ಡ್ನರ್ ಸಿಂಡ್ರೋಮ್ ನೆನಪಾಗಬೇಕು, ದೊಡ್ಡ ಕರುಳನ್ನು ಪರೀಕ್ಷಿಸಬೇಕು.) ಆದರೆ ಚಿತ್ರವೂ ಮೋಸ ಮಾಡುತ್ತದೆ. ಎಂ.ಆರ್.ಐ.ನಲ್ಲಿ ಡಿಸ್‌ಪ್ಲೇಸಿಯಾ ಕಾಂಟ್ರಾಸ್ಟ್ ಹೀರಿ ಕೆಟ್ಟ ಗಡ್ಡೆಯಂತೆ ಹೊಳೆಯಬಹುದು. ಗಟ್ಟಿ ಆಸ್ಟಿಯೋಮಾ ಕಪ್ಪಾಗಿ, ಗಾಳಿ ತುಂಬಿದ ಸೈನಸ್‌ನಂತೆ ಕಂಡು ಕಣ್ತಪ್ಪಬಹುದು. ನಿಧಾನವಾಗಿ ಬೆಳೆಯುವ ಆಸ್ಟಿಯೋಸಾರ್ಕೋಮಾ ಡಿಸ್‌ಪ್ಲೇಸಿಯಾದ ವೇಷ ಹಾಕುವುದೂ ಉಂಟು. ಹೊಸದಾಗಿ ನೋವು, ದಿಢೀರ್ ಬೆಳವಣಿಗೆ, ಎಲುಬಿನ ಹೊರಪದರ ಒಡೆದಿರುವುದು ಕಂಡರೆ ಚೂರು ಬೇಕೇ ಬೇಕು, ಅದೂ ದೊಡ್ಡದೇ ಬೇಕು. ಜಿಎನ್ಎಎಸ್ ಜೀನಿನ ಪರೀಕ್ಷೆ ಡಿಸ್‌ಪ್ಲೇಸಿಯಾದ ಪರ ಸಾಕ್ಷಿ ಹೇಳಬಲ್ಲದು, ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ.

ಸಣ್ಣ ಊರಿನಿಂದ ಬರುವ ಡಬ್ಬಿಯ ಜೊತೆ ಇಷ್ಟೆಲ್ಲ ಕೇಳುವುದು ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಸಿ.ಟಿ. ಆಗಲೇ ಆಗಿರುತ್ತದೆ, ರೋಗಿಯ ಚೀಲದಲ್ಲೇ ಇರುತ್ತದೆ. ಮುಖದ ಎಲುಬಿನ ಚೂರು ಕಳಿಸುವ ವೈದ್ಯರೇ, ಚೀಟಿಯಲ್ಲಿ ವಯಸ್ಸು, ಜಾಗ, ಕ್ಯಾಲ್ಸಿಯಂ ಮಟ್ಟ ಬರೆಯಿರಿ, ಸಿ.ಟಿ.ಯ ಸಿ.ಡಿ.ಯನ್ನೂ ದಯವಿಟ್ಟು ಜೊತೆಗೇ ಕಳಿಸಿ.