ಶ್ರವಣೇಂದ್ರಿಯದ ರಕ್ಷಣೆ

ಎನ್.ಸಿ.ಸಿ. ಶಿಬಿರವೊಂದರಲ್ಲಿ ರೈಫಲ್ ಅಭ್ಯಾಸವನ್ನು ನೋಡಲು ಹೋದ ನಾನು ಬರಿಗಿವಿಯಲ್ಲಿಯೇ ನಿಂತಿದ್ದೆನು. ಅಂದು ರಾತ್ರಿಯವರೆಗೂ ಕಿವಿಯಲ್ಲಿ ಜೀರುಂಡೆಯ ನಾದ. ಮರುದಿನ ಅದು ಅಡಗಿತು; ಆದರೆ ಅಡಗಿದುದೆಲ್ಲವೂ ವಾಸಿಯಾದುದಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಅಂಗವೊಂದುಂಟು. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದಕಂಪನವನ್ನು ನರಕ್ಕೆ ಮುಟ್ಟಿಸುವುವು. ಮಾನವನಲ್ಲಿ ಇವು ನಶಿಸಿದರೆ ಮತ್ತೆ ಹುಟ್ಟವು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬುದು ತಜ್ಞರು ಹೇಳುವ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುವುದು. ಬಂದೂಕಿನ ಸಿಡಿತವಾದರೋ ಸಾಮಾನ್ಯವಾಗಿ 140ನ್ನು ಮುಟ್ಟುವುದು, ಮೀರುವುದೂ ಉಂಟು. ಒಂದೇ ಗುಂಡು ಹಾನಿಗೆ ಸಾಕಾಗಬಹುದು. ಬಲಗೈಯವನು ಗುರಿಯಿಡುವಾಗ ಎಡಗಿವಿ ನಳಿಗೆಯ ಬಾಯಿಗೆ ಸಮೀಪವಿರುವುದರಿಂದ ಅದಕ್ಕೇ ಪೆಟ್ಟು ಹೆಚ್ಚು.

ಮೊದಲು ಕುಂದುವುದು ಉಚ್ಚಸ್ಥಾಯಿಯ ಶ್ರವಣ. ಸ್ವರಗಳು ಕೇಳಿಸುತ್ತವೆ, ಸಕಾರ, ತಕಾರಗಳು ಮಸುಕಾಗುತ್ತವೆ. ಸಾಲು, ಕಾಲು, ಪಾಲುಗಳ ಭೇದವೇ ಅಳಿಯುವುದು. ಉಕ್ತಲೇಖನದಲ್ಲಿ ತಪ್ಪಿದ ಹುಡುಗರನ್ನು ಅಜಾಗರೂಕರೆಂದು ಗದರಿದ ಭಾಷಾಶಿಕ್ಷಕರಲ್ಲಿ ನಾನೂ ಒಬ್ಬನು. ಅವರ ಕಿವಿಯನ್ನು ಪರೀಕ್ಷಿಸಬೇಕೆಂದು ಆಗ ಹೊಳೆಯಲಿಲ್ಲ.

ಹತ್ತಿಯುಂಡೆ ಇದಕ್ಕೆ ಸಾಲದು. ಸ್ಪಂಜಿನ ಇಯರ್ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿರಿಸಿ, ಅದು ಉಬ್ಬುವವರೆಗೆ ಬೆರಳಿನಿಂದ ಹಿಡಿದಿರಬೇಕು. ಬಂದೂಕಿನ ಬಳಿ ಅದರ ಮೇಲೆ ಇಯರ್ ಮಫ್ಫೂ ಇರುವುದು ಕ್ಷೇಮ. ಜಾತ್ರೆಯ ಸಿಡಿಮದ್ದಿಗೆ, ಧ್ವನಿವರ್ಧಕದ ಸನಿಹಕ್ಕೆ ದೂರ ಸರಿಯುವುದೇ ಮೊದಲ ಉಪಾಯ. ಅಭ್ಯಾಸದ ಮೈದಾನದಲ್ಲಿ ಈ ರಕ್ಷೆ ಗುಂಡು ಹಾರಿಸುವವನಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಲ್ಲುವ ಶಿಕ್ಷಕನಿಗೂ ಸರದಿ ಕಾಯುವ ಹುಡುಗರಿಗೂ ಬೇಕು. ಎನ್.ಸಿ.ಸಿ. ತುಕಡಿಗೆ ಉಪಕರಣ ಕೊಡಬಯಸುವ ದಾನಿಗಳು ತಮ್ಮ ಪಟ್ಟಿಯಲ್ಲಿ ಇವನ್ನೂ ಸೇರಿಸಿಕೊಳ್ಳಬೇಕಾಗಿ ವಿನಂತಿ.