ಎರಡೂ ಬೆಣಚು, ಬಿಟ್ ಬೇರೆ ಬೇರೆ

ಚಿತ್ರದುರ್ಗದ ಶಿಸ್ಟ್ ಪಟ್ಟಿಯಲ್ಲಿ ನನ್ನ ಮೊದಲ ಡ್ರಿಲ್ಲಿಂಗ್ ಕೆಲಸ. ಮೇಲಿನ ಕೊಳೆತ ಕಲ್ಲನ್ನು ಟಂಗ್‌ಸ್ಟನ್ ಕಾರ್ಬೈಡ್ ಬಿಟ್‌ನಲ್ಲಿ ದಾಟಿ, ಕೇಸಿಂಗ್ ಇಳಿಸಿ, ವಜ್ರದ ಬಿಟ್ ಹಾಕಿದ್ದೆವು. ಎನ್‌ಕ್ಯೂ ಅಳತೆ: ರಂಧ್ರ 75.7 ಮಿಲಿಮೀಟರ್, ಒಳಗಿಂದ ಬರುವ ಕಲ್ಲಿನ ಕಂಬ, ಅಂದರೆ ಕೋರ್, 47.6. ಹಸಿರು ಕಲ್ಲಿನಲ್ಲಿ ಸರಾಗವಾಗಿ ಇಳಿಯಿತು. ಚೆರ್ಟ್ ಎಂಬ ಬೆಣಚಿನ ಕಲ್ಲು ಸಿಕ್ಕಿದ್ದೇ ತಡ, ರಾಡ್ ತಿರುಗುತ್ತದೆ, ನೀರು ತಿಳಿಯಾಗಿ ಮೇಲೆ ಬರುತ್ತದೆ, ಆಳ ಮಾತ್ರ ಹೆಚ್ಚುವುದಿಲ್ಲ.

‘ಕಲ್ಲು ಗಟ್ಟಿ ಅಣ್ಣ, ಇನ್ನೂ ಗಟ್ಟಿ ಬಿಟ್ ತರಿಸೋಣ’ ಎಂದೆ. ಡ್ರಿಲ್ಲರ್ ಮಾತಾಡದೆ ರಾಡುಗಳನ್ನೆಲ್ಲ ಎತ್ತಿಸಿ, ಬಿಟ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ‘ಬೆರಳಾಡ್ಸಿ ನೋಡಿ ಸಾರ್. ಗಾಜಿನಂಗೆ ಆಗೈತೆ.’ ಉಪ್ಪುಕಾಗದದಂತೆ ತರಿತರಿ ಎನ್ನಬೇಕಾದ ಮುಖ ನುಣ್ಣಗೆ ಹೊಳೆಯುತ್ತಿತ್ತು.

ಈ ಬಿಟ್‌ನ ಮುಖದಲ್ಲಿ ಪುಟ್ಟ ವಜ್ರದ ಹರಳುಗಳು ಲೋಹದಲ್ಲಿ ಹುದುಗಿರುತ್ತವೆ. ಆ ಲೋಹವೇ ಮ್ಯಾಟ್ರಿಕ್ಸ್. ಮೇಲಿನ ವಜ್ರ ಮೊಂಡಾಗುವ ಹೊತ್ತಿಗೆ ಲೋಹ ಸವೆದು ಒಳಗಿನ ಹೊಸ ವಜ್ರ ಹೊರಬರಬೇಕು. ಚೆರ್ಟ್‌ನ ಕಣ ಬಲು ಸಣ್ಣದು, ಅದರ ಪುಡಿಗೆ ಲೋಹವನ್ನು ಸವೆಸುವ ಕಸುವಿಲ್ಲ. ಮೃದು ಮ್ಯಾಟ್ರಿಕ್ಸ್‌ನ ಬಿಟ್ ಹಾಕಿದ ಮೇಲೆ ಕೋರ್ ಬರತೊಡಗಿತು.

ಗಟ್ಟಿ ಕಲ್ಲಿಗೆ ಮೃದು ಬಿಟ್ ಎಂದು ಬಾಯಿಪಾಠ ಮಾಡಿಕೊಂಡೆ. ಅದು ಅರ್ಧ ಪಾಠ. ಮುಂದೆ ಬಾಗಲಕೋಟೆ ಕಡೆ ಕಲಾದಗಿ ಮರಳುಗಲ್ಲಿಗೆ ಹೋದಾಗ, ಇದೂ ಬೆಣಚೇ ತಾನೆ ಎಂದು ಅದೇ ಬಗೆಯ ಬಿಟ್ ಕೊಟ್ಟೆ. ಕೆಲವೇ ಸಲ ಕೋರ್ ಎತ್ತುವಷ್ಟರಲ್ಲಿ ಮುಖ ಸವೆದು, ನೀರು ಹರಿಯುವ ತೋಡುಗಳೂ ಅಳಿಸಿಹೋದವು. ಅಲ್ಲಿನ ದಪ್ಪ ಮರಳಿನ ಕಣ ಲೋಹವನ್ನು ಅರದಂತೆ ಉಜ್ಜಿಹಾಕಿತ್ತು. ಇನ್ನೂ ಚೂಪಾಗಿದ್ದ ವಜ್ರಗಳೇ ಉದುರಿಹೋಗಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಅಲ್ಲಿಗೆ ಬೇಕಿದ್ದುದು ಗಟ್ಟಿ ಮ್ಯಾಟ್ರಿಕ್ಸ್.

ಇಷ್ಟೆಲ್ಲ ಗೋಳೇಕೆ ಎನ್ನಬಹುದು. ಬೋರ್‌ವೆಲ್ ಲಾರಿಯ ಬಟನ್ ಬಿಟ್ ಬೇಗ ಇಳಿಯುತ್ತದೆ, ಒಪ್ಪುತ್ತೇನೆ. ಅದರ ಬೆನ್ನಿಗೇ ಇರುವ ಹ್ಯಾಮರ್ ಕಲ್ಲನ್ನು ಜಜ್ಜುತ್ತದೆ, ಕಂಪ್ರೆಸರ್ ಗಾಳಿ ಪುಡಿಯನ್ನು ಮೇಲೆ ಊದುತ್ತದೆ. ಆದರೆ ಪುಡಿಯಲ್ಲಿ ಪದರದ ಓರೆ ಕಾಣದು, ಬಿರುಕು ಕಾಣದು. ಭೂವಿಜ್ಞಾನಿಗೆ ಕೋರ್ ಬೇಕು.

ಈಗ ಬಿಟ್ ತರಿಸುವ ಮೊದಲು ಕೋರ್ ತುಂಡನ್ನು ಚಾಕುವಿನಿಂದ ಗೀರಿ, ಲೆನ್ಸ್‌ನಲ್ಲಿ ಕಣ ನೋಡುತ್ತೇನೆ. ವಾಪಸ್ ಬರುವ ನೀರಿನ ರಾಡಿಯನ್ನು ಎರಡು ಬೆರಳ ನಡುವೆ ತಿಕ್ಕುತ್ತೇನೆ. ಕಲ್ಲಿಗೆ ಗೀರು ಬೀಳದೆ, ರಾಡಿ ಗಂಧ ತೇಯ್ದಂತೆ ನುಣ್ಣಗಿದ್ದರೆ ಮೃದು ಮ್ಯಾಟ್ರಿಕ್ಸ್. ತರಿತರಿ ಸಿಕ್ಕಿದರೆ ಗಟ್ಟಿಯದು.